ಆಲ್ಕೋಹಾಲ್, ನೀರು ಮತ್ತು ಒಬ್ಬ ವಿದ್ಯಾರ್ಥಿಯ ಪ್ರಶ್ನೆ

(ಟ್ರಸ್ಟ್‌ನ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರೊಬ್ಬರು ಮಾಡಿದ ಭಾಷಣದ ಪಠ್ಯ)



ಟ್ರಸ್ಟ್‌ನವರು ನನ್ನನ್ನು ಕರೆದಾಗ, ‘ಸರ್, ಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು ಹೇಳಿ’ ಎಂದರು. ನಾನು ಮೂವತ್ತು ವರ್ಷ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟವನು. ಉಪದೇಶ ಮಾಡಿ ಅಭ್ಯಾಸವಿಲ್ಲ, ಪಾಠ ಮಾಡಿ ಅಭ್ಯಾಸವಿದೆ. ಆದ್ದರಿಂದ ಇವತ್ತು ಒಂದು ಪಾಠವನ್ನೇ ಮಾಡುತ್ತೇನೆ. ಪಾಠದ ವಿಷಯ ಆಲ್ಕೋಹಾಲ್. ಇಂಥ ಸಭೆಯಲ್ಲಿ ಇದೇನು ವಿಷಯ ಎಂದು ಕೆಲವರಿಗೆ ಮುಜುಗರವಾಗಬಹುದು. ನನಗೂ ಮೊದಲು ಆಗಿತ್ತು. ಆದರೆ ಈ ಪಾಠವನ್ನು ನನ್ನಿಂದ ಕೇಳಿ ಪಡೆದವನು ಇದೇ ಟ್ರಸ್ಟ್‌ನ ವಿದ್ಯಾರ್ಥಿವೇತನದಲ್ಲಿ ಓದುತ್ತಿರುವ ಒಬ್ಬ ಹುಡುಗ. ಅವನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಹೆಸರು ಹೇಳುವುದಿಲ್ಲ.

ಕಳೆದ ಮೇ ತಿಂಗಳು. ನಮ್ಮ ಕಲಬುರಗಿ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಮಧ್ಯಾಹ್ನ ಹೊತ್ತು ಈ ಹುಡುಗ ಪುಸ್ತಕ ಹಿಡಿದುಕೊಂಡು ಮನೆಗೆ ಬಂದ. ಅವನ ಚಾಚಾ ಶಹಾಬಾದ್ ಕಡೆ ಫರ್ಸಿ ಕಲ್ಲಿನ ಗಣಿಯಲ್ಲಿ ಕೂಲಿ. ಹಿಂದಿನ ವಾರ ಅವರು ಕುಸಿದು ಬಿದ್ದು ಆಸ್ಪತ್ರೆ ಸೇರಿದ್ದರು. ಬಿಡುಗಡೆಯ ಚೀಟಿಯಲ್ಲಿ ‘ಡೀಹೈಡ್ರೇಶನ್’ ಎಂದು ಬರೆದಿತ್ತು. ಹುಡುಗ ಪುಸ್ತಕದ ಒಂದು ಸಾಲಿನ ಮೇಲೆ ಬೆರಳಿಟ್ಟ. ಅಲ್ಲಿಯೂ ಅದೇ ಪದ: ಸಾರೀಕೃತ ಸಲ್ಫ್ಯೂರಿಕ್ ಆಮ್ಲದೊಂದಿಗೆ ಕಾಯಿಸಿದಾಗ ಎಥನಾಲ್‌ನ ಡೀಹೈಡ್ರೇಶನ್ ಆಗುತ್ತದೆ. ಆಮೇಲೆ ತಲೆ ತಗ್ಗಿಸಿ ಕೇಳಿದ: ‘ಸರ್, ನಮ್ಮ ಚಾಚಾ ಕುಡೀತಾರೆ. ಹೊಟ್ಟೆಯಲ್ಲೂ ಆಮ್ಲ ಇದೆಯಲ್ಲ. ಪುಸ್ತಕದಲ್ಲಿ ಇರೋದೇ ಅವರ ಹೊಟ್ಟೆಯಲ್ಲಿ ಆಯ್ತಾ?’

ಮೂವತ್ತು ವರ್ಷದಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ನನಗೆ ಕೆಲವೇ ಸಲ ಬಂದಿದೆ. ಉತ್ತರ ‘ಇಲ್ಲ’ ಎಂಬ ಒಂದೇ ಮಾತು. ಆದರೆ ಆ ಇಲ್ಲ ಏಕೆ ಎಂಬುದನ್ನು ತಿಳಿಯಲು ಒಂದು ಪಾಠವೇ ಬೇಕು.

ಮೊದಲು ಪದದ ವಿಷಯ. ‘ಆಲ್ಕೋಹಾಲ್’ ಅರಬಿ ಮೂಲದ ಪದ. ‘ಅಲ್-ಕುಹ್ಲ್’ ಎಂದರೆ ಕಣ್ಣಿಗೆ ಹಚ್ಚುವ ಸುರ್ಮಾ. ಸುರ್ಮಾವನ್ನು ನುಣ್ಣಗೆ ಅರೆದು ಮಾಡುತ್ತಾರೆ. ಯುರೋಪಿನ ರಸಾಯನ ಪಂಡಿತರು ಈ ಪದವನ್ನು ಯಾವುದೇ ನುಣುಪಾದ ಪುಡಿಗೆ, ಆಮೇಲೆ ಯಾವುದೇ ವಸ್ತುವಿನಿಂದ ತೆಗೆದ ಶುದ್ಧ ಸಾರಕ್ಕೆ ಬಳಸಿದರು. ದ್ರಾಕ್ಷಾರಸವನ್ನು ಬಟ್ಟಿ ಇಳಿಸಿ ತೆಗೆದ ಸಾರಕ್ಕೆ ಕೊನೆಗೆ ಆ ಹೆಸರೇ ನಿಂತಿತು. ಹೀಗೆ ಸುರ್ಮಾದ ಹೆಸರು ಮದ್ಯಕ್ಕೆ ಹೋಯಿತು. ಒಂದೇ ಪದ ಎರಡು ಕಡೆ ಕಂಡಾಗ ಒಂದೇ ವಸ್ತು ಎಂದು ಭಾವಿಸಬಾರದು ಎಂಬುದಕ್ಕೆ ಇದೇ ಮೊದಲ ಉದಾಹರಣೆ.

ರಸಾಯನಶಾಸ್ತ್ರದಲ್ಲಿ ಆಲ್ಕೋಹಾಲ್ ಎಂದರೆ ಒಂದು ವಸ್ತುವಲ್ಲ, ಒಂದು ಕುಟುಂಬ. ಕಾರ್ಬನ್ ಸರಪಳಿಗೆ ಒಂದು ಆಕ್ಸಿಜನ್, ಅದಕ್ಕೆ ಒಂದು ಹೈಡ್ರೋಜನ್ ಅಂಟಿಕೊಂಡಿದ್ದರೆ ಅದು ಆಲ್ಕೋಹಾಲ್. ಮದ್ಯದಲ್ಲಿ ಇರುವುದು ಎಥನಾಲ್. ಕಳ್ಳಭಟ್ಟಿಯಲ್ಲಿ ಸೇರಿ ಪ್ರಾಣ ತೆಗೆಯುವುದು ಮೆಥನಾಲ್. ಕೈಕಾಲು ಒಡೆದರೆ ಹಚ್ಚುವ ಗ್ಲಿಸರಿನ್ ಕೂಡ ಆಲ್ಕೋಹಾಲೇ, ಅದರಲ್ಲಿ ಅಂಥ ಮೂರು ಗುಂಪುಗಳಿವೆ. ಮುಖದ ಕ್ರೀಮಿನ ಮೇಲೆ ‘ಸೀಟೈಲ್ ಆಲ್ಕೋಹಾಲ್’ ಎಂದು ಬರೆದಿರುವುದನ್ನು ನೋಡಿ ಅನೇಕ ತಾಯಂದಿರು ನನ್ನನ್ನು ಕೇಳಿದ್ದಾರೆ. ಅದು ಮೇಣದಂಥ ಗಟ್ಟಿ ವಸ್ತು, ಅದರಿಂದ ಅಮಲು ಬರುವುದಿಲ್ಲ. ಧರ್ಮದ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಉಲಮಾಗಳು. ವಸ್ತು ಏನು ಎಂಬುದನ್ನು ಹೇಳುವುದಷ್ಟೇ ನನ್ನ ಕೆಲಸ.

ಈಗ ಪುಸ್ತಕದ ಸಾಲಿಗೆ ಬರೋಣ. ಎಥನಾಲ್‌ನ ಒಂದು ಅಣುವಿನಲ್ಲಿ ಎರಡು ಕಾರ್ಬನ್, ಆರು ಹೈಡ್ರೋಜನ್, ಒಂದು ಆಕ್ಸಿಜನ್ ಇವೆ. ಸಾರೀಕೃತ ಸಲ್ಫ್ಯೂರಿಕ್ ಆಮ್ಲ ಸೇರಿಸಿ 443 ಕೆಲ್ವಿನ್, ಅಂದರೆ ಸುಮಾರು 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಆಮ್ಲವು ಆ ಆಕ್ಸಿಜನ್‌ಗೆ ಇನ್ನೊಂದು ಹೈಡ್ರೋಜನ್ ಅಯಾನನ್ನು ಅಂಟಿಸುತ್ತದೆ. ಆಗ ಅಲ್ಲಿ ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಆಗಿ ನೀರಿನ ಅಣುವೇ ಸಿದ್ಧವಾಗಿ ಕಳಚಿಕೊಂಡು ಹೋಗುತ್ತದೆ. ಪಕ್ಕದ ಕಾರ್ಬನ್ ಒಂದು ಹೈಡ್ರೋಜನ್ ಅಯಾನನ್ನು ಬಿಟ್ಟುಕೊಡುತ್ತದೆ. ಎರಡು ಕಾರ್ಬನ್‌ಗಳ ನಡುವೆ ದ್ವಿಬಂಧ ಬೀಳುತ್ತದೆ. ಉಳಿಯುವುದು ಈಥೀನ್ ಅನಿಲ. ಲೆಕ್ಕ ಸುಲಭ: 46 ಗ್ರಾಂ ಎಥನಾಲ್‌ನಿಂದ 18 ಗ್ರಾಂ ನೀರು ಹೋಗಿ 28 ಗ್ರಾಂ ಈಥೀನ್ ಉಳಿಯುತ್ತದೆ.

ವಿದ್ಯಾರ್ಥಿಗಳೇ, ಉಷ್ಣತೆಯನ್ನು ಮರೆಯಬೇಡಿ, ಅದಕ್ಕೆ ಅಂಕವಿದೆ. ಎಥನಾಲ್ ಹೆಚ್ಚಾಗಿಟ್ಟು 140 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿದರೆ ಎರಡು ಅಣುಗಳು ಸೇರಿ ಒಂದು ನೀರಿನ ಅಣುವನ್ನು ಬಿಟ್ಟು ಡೈಈಥೈಲ್ ಈಥರ್ ಆಗುತ್ತವೆ. 1846ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ರೋಗಿಗೆ ಮೂಸಿಸಿ ಪ್ರಜ್ಞೆ ತಪ್ಪಿಸಿ, ಎಲ್ಲರೆದುರು ಶಸ್ತ್ರಚಿಕಿತ್ಸೆಗೆ ಅನುವು ಮಾಡಿಕೊಟ್ಟದ್ದು ಇದೇ ಈಥರ್‌ನಿಂದ. ಮೂವತ್ತು ಡಿಗ್ರಿ ವ್ಯತ್ಯಾಸದಲ್ಲಿ ವಸ್ತುವೇ ಬೇರೆಯಾಗುತ್ತದೆ.

ಈಗ ಹುಡುಗನ ಪ್ರಶ್ನೆ. ಹೊಟ್ಟೆಯಲ್ಲಿ ಆಮ್ಲ ಇದೆ, ನಿಜ. ಆದರೆ ಅದು ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲ. ದೇಹದ ಉಷ್ಣತೆ 37 ಡಿಗ್ರಿ, 170 ಅಲ್ಲ. ಸುತ್ತಲೂ ನೀರು ತುಂಬಿರುವ ಜಾಗದಲ್ಲಿ ಅಣುವಿನಿಂದ ನೀರನ್ನು ಕಿತ್ತು ತೆಗೆಯುವುದೂ ಆಗದ ಮಾತು. ಆದ್ದರಿಂದ ಚಾಚಾನ ಹೊಟ್ಟೆಯಲ್ಲಿ ಈಥೀನ್ ಆಗಲಿಲ್ಲ. ಪ್ರಯೋಗಾಲಯದ ಡೀಹೈಡ್ರೇಶನ್‌ನಲ್ಲಿ ನೀರು ಕಳೆದುಕೊಳ್ಳುವುದು ಆಲ್ಕೋಹಾಲ್‌ನ ಅಣು. ದೇಹದ ಡೀಹೈಡ್ರೇಶನ್‌ನಲ್ಲಿ ನೀರು ಕಳೆದುಕೊಳ್ಳುವುದು ಮನುಷ್ಯ. ಈ ಎರಡು ವಾಕ್ಯವನ್ನು ಮಕ್ಕಳು ಬರೆದುಕೊಳ್ಳಬೇಕು.

ಹಾಗಾದರೆ ಮನುಷ್ಯ ನೀರು ಕಳೆದುಕೊಳ್ಳುವುದು ಹೇಗೆ? ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅಷ್ಟೂ ಹೊರಗೆ ಹೋದರೆ ಮನುಷ್ಯ ಬದುಕುವುದಿಲ್ಲ. ಸೋಸಿದ್ದರಲ್ಲಿ ಬಹುಪಾಲು ತಿರುಗಿ ರಕ್ತಕ್ಕೆ ಹೋಗಿ, ಒಂದೆರಡು ಲೀಟರ್ ಮಾತ್ರ ಮೂತ್ರವಾಗುತ್ತದೆ. ಕೊನೆಯ ಹಂತದಲ್ಲಿ ಎಷ್ಟು ನೀರನ್ನು ಹಿಂದಕ್ಕೆ ಎಳೆದುಕೊಳ್ಳಬೇಕು ಎಂದು ಹೇಳುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಬಿಡುವ ಒಂದು ಹಾರ್ಮೋನು. ಅದರ ಹೆಸರು ವ್ಯಾಸೋಪ್ರೆಸಿನ್, ಪುಸ್ತಕದಲ್ಲಿ ಎ.ಡಿ.ಎಚ್. ಎಂದೂ ಇರುತ್ತದೆ. ನಾವು ರೋಜಾ ಇದ್ದಾಗ ಸಂಜೆ ಹೊತ್ತಿಗೆ ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗುತ್ತದಲ್ಲ, ಅದು ಈ ಹಾರ್ಮೋನು ನೀರನ್ನು ಉಳಿಸುತ್ತಿರುವ ಗುರುತು.

ರಕ್ತದಲ್ಲಿ ಆಲ್ಕೋಹಾಲ್ ಏರುತ್ತಿರುವಾಗ ಈ ಹಾರ್ಮೋನು ಬರುವುದು ಕಡಿಮೆಯಾಗುತ್ತದೆ. ಕಾವಲುಗಾರ ನಿದ್ದೆ ಹೋದ ಹಾಗೆ. ಉಳಿಯಬೇಕಾದ ನೀರು ಮೂತ್ರವಾಗಿ ಹೋಗುತ್ತದೆ. ಒಂದು ಗ್ರಾಂ ಆಲ್ಕೋಹಾಲ್‌ಗೆ ಸುಮಾರು 10 ಮಿಲಿಲೀಟರ್ ಹೆಚ್ಚು ಮೂತ್ರ ಎಂಬುದು 1940ರ ದಶಕದ ಪ್ರಯೋಗಗಳಿಂದ ಬಂದ ಅಂದಾಜು. ಇದನ್ನು ಲೆಕ್ಕವಾಗಿ ಮಾಡಿ ನೋಡೋಣ. ಅಂಗಡಿಯ ಒಂದು ಕ್ವಾರ್ಟರ್ ಎಂದರೆ 180 ಮಿಲಿಲೀಟರ್. ಅದರಲ್ಲಿ ಶೇಕಡ 42.8ರಷ್ಟು ಆಲ್ಕೋಹಾಲ್ ಇದ್ದರೆ 77 ಮಿಲಿಲೀಟರ್ ಆಯಿತು. ಆಲ್ಕೋಹಾಲ್ ನೀರಿಗಿಂತ ಹಗುರ, ಸಾಂದ್ರತೆ 0.789. ತೂಕದಲ್ಲಿ ಸುಮಾರು 61 ಗ್ರಾಂ. ಅಂದರೆ 180 ಮಿಲಿಲೀಟರ್ ಕುಡಿದವನು 600 ಮಿಲಿಲೀಟರ್‌ನಷ್ಟು ನೀರನ್ನು ಹೆಚ್ಚಾಗಿ ಹೊರಗೆ ಹಾಕಬಹುದು.

ಈ ಲೆಕ್ಕವನ್ನು ಕಲ್ಲಿನ ಮೇಲೆ ಕೆತ್ತಿದ ಹಾಗೆ ತಿಳಿಯಬೇಡಿ. ಆಗಲೇ ಒಣಗಿದ ದೇಹದಲ್ಲಿ ಮೂತ್ರ ಇಷ್ಟು ಹೆಚ್ಚುವುದಿಲ್ಲ. ಚಾಚಾನಿಗೆ ಆದದ್ದು ಹಲವು ಕಾರಣ ಸೇರಿ. ಹಗಲೆಲ್ಲ ಬಂಡೆಯ ಮೇಲೆ ಬೆವರಿದರು. ಸಂಜೆ ನೀರು ಮತ್ತು ಊಟದ ಬದಲು ಬಾಟಲಿ ಹಿಡಿದರು. ರಾತ್ರಿ ವಾಂತಿ ಮಾಡಿದರು. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ಮತ್ತೆ ಬಿಸಿಲಿಗೆ ಹೋದರು. ದಣಿವಾರಿಸಲು, ಮೈ ತಂಪು ಮಾಡಲು ಕುಡಿಯುತ್ತೇವೆ ಎಂದು ಎಷ್ಟೋ ಕೂಲಿಕಾರರು ಹೇಳುತ್ತಾರೆ. ಕುಡಿದಾಗ ಚರ್ಮದ ರಕ್ತನಾಳಗಳು ಅಗಲವಾಗಿ ಮೈಗೆ ಏನೋ ಬದಲಾವಣೆ ಆದ ಹಾಗೆ ಅನಿಸುತ್ತದೆ, ಅಷ್ಟೇ. ಕಳೆದ ನೀರು ತುಂಬುವುದಿಲ್ಲ.

ಇನ್ನೊಂದು ಗೊಂದಲವನ್ನು ಇಲ್ಲಿಯೇ ಬಿಡಿಸಿಬಿಡುತ್ತೇನೆ. ಕನ್ನಡ, ಉರ್ದು ಮಾಧ್ಯಮದಿಂದ ಪಿಯುಸಿ ವಿಜ್ಞಾನಕ್ಕೆ ಬಂದ ಮಕ್ಕಳು ಇಂಗ್ಲಿಷ್ ಪದಗಳಲ್ಲಿ ಎಡವುವ ಜಾಗ ಇದು. ಡೀಹೈಡ್ರೇಶನ್ ಎಂದರೆ ನೀರು ಹೋಗುವುದು. ಡೀಹೈಡ್ರೋಜಿನೇಶನ್ ಎಂದರೆ ಹೈಡ್ರೋಜನ್ ಹೋಗುವುದು. ನಮ್ಮ ಯಕೃತ್ತಿನಲ್ಲಿ ಆಲ್ಕೋಹಾಲ್‌ಗೆ ಆಗುವುದು ಎರಡನೆಯದು. ಆಲ್ಕೋಹಾಲ್ ಡೀಹೈಡ್ರೋಜಿನೇಸ್ ಎಂಬ ಕಿಣ್ವ ಎಥನಾಲ್‌ನಿಂದ ಎರಡು ಹೈಡ್ರೋಜನ್ ತೆಗೆದು ಅಸಿಟಾಲ್ಡಿಹೈಡ್ ಮಾಡುತ್ತದೆ. ಅದು ವಿಷ. ಇನ್ನೊಂದು ಕಿಣ್ವ ಅದನ್ನು ಅಸಿಟಿಕ್ ಆಮ್ಲ ಮಾಡುತ್ತದೆ, ಅದು ವಿನೆಗರ್‌ನಲ್ಲಿರುವ ಆಮ್ಲವೇ. ಈ ಮೊದಲ ಕಿಣ್ವದ ಹೆಸರನ್ನೂ ಎ.ಡಿ.ಎಚ್. ಎಂದೇ ಚಿಕ್ಕದಾಗಿ ಬರೆಯುತ್ತಾರೆ. ಹಾರ್ಮೋನಿಗೂ ಅದೇ ಮೂರಕ್ಷರ, ಕಿಣ್ವಕ್ಕೂ ಅದೇ ಮೂರಕ್ಷರ. ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ.

ಈ ಕಿಣ್ವದ ಕೆಲಸ ನಿಧಾನ. ಗಂಟೆಗೆ ಸುಮಾರು 7ರಿಂದ 10 ಗ್ರಾಂ. ಒಂದು ಕ್ವಾರ್ಟರ್ ಕರಗಲು ಆರೇಳು ಗಂಟೆಯಾದರೂ ಬೇಕು. ಮಜ್ಜಿಗೆ, ಲಿಂಬೆ ಶರಬತ್ತು, ತಣ್ಣೀರಿನ ಸ್ನಾನ ಯಾವುದೂ ಅದನ್ನು ಬೇಗ ಮಾಡಿಸುವುದಿಲ್ಲ. ಕುಡಿದು ಮೇಲೆ ನಾಲ್ಕು ಲೋಟ ನೀರು ಕುಡಿದರೆ ಆಯಿತು ಎಂದು ಯಾರೂ ತಿಳಿಯಬಾರದು. ನೀರು ನೀರಿನ ಕೊರತೆಯನ್ನು ತುಂಬುತ್ತದೆ, ವಿಷವನ್ನು ತೆಗೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ಮೆಥನಾಲ್ ಇದೇ ಕಿಣ್ವದ ಕೈಗೆ ಸಿಕ್ಕರೆ ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ ಆಗುತ್ತದೆ. ಅದು ಕಣ್ಣಿನ ನರವನ್ನು ಸುಡುತ್ತದೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕೂಲಿಕಾರರು. ಮೆಥನಾಲ್‌ನ ಲಕ್ಷಣ ಕುಡಿದ ತಕ್ಷಣ ಕಾಣುವುದಿಲ್ಲ. ಅರ್ಧ ದಿನ, ಒಂದು ದಿನ ಬಿಟ್ಟು ಹೊಟ್ಟೆನೋವು, ವಾಂತಿ, ಕಣ್ಣು ಮಂಜು ಶುರುವಾಗುತ್ತದೆ. ಆಗಲೂ ಬೇಗ ಆಸ್ಪತ್ರೆ ಸೇರಿ, ಕುಡಿದದ್ದನ್ನು ಹೇಳಿದರೆ ಕಿಣ್ವವನ್ನು ತಡೆಯುವ ಔಷಧ ಇದೆ. ಹೇಳದಿದ್ದರೆ ವೈದ್ಯರು ಬೇರೆ ಕಾಯಿಲೆ ಹುಡುಕುತ್ತ ಕೂರಬೇಕಾಗುತ್ತದೆ.

ಇಲ್ಲಿಗೆ ನಾನು ಹೇಳಬೇಕೆಂದಿದ್ದ ಮುಖ್ಯ ಮಾತಿಗೆ ಬಂದೆ.

ಚಾಚಾನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಮನೆಯವರು ‘ಬಿಸಿಲು ಬಡಿದಿದೆ’ ಎಂದಷ್ಟೇ ಹೇಳಿದರು. ಕುಡಿಯುತ್ತಾರಾ ಎಂದು ಡಾಕ್ಟರ್ ಕೇಳಿದಾಗ, ‘ಇಲ್ಲ ಸಾಬ್, ನಮ್ಮ ಮನೆಯಲ್ಲಿ ಅದೆಲ್ಲ ಇಲ್ಲ’ ಎಂದರು. ಮರ್ಯಾದೆಯ ಪ್ರಶ್ನೆ. ನಾನು ಅವರನ್ನು ದೂರುವುದಿಲ್ಲ, ನಮ್ಮ ಮನೆಯಲ್ಲಾಗಿದ್ದರೂ ಅದನ್ನೇ ಹೇಳುತ್ತಿದ್ದೆವೇನೋ. ಡ್ರಿಪ್ ಹಾಕಿದರೂ ಚಾಚಾ ತೊದಲುವುದು, ನಡುಗುವುದು ನಿಲ್ಲಲಿಲ್ಲ. ಆಗ ಈ ಹುಡುಗ ವಾರ್ಡಿನಿಂದ ಹೊರಗೆ ಬಂದ ಡಾಕ್ಟರ ಹಿಂದೆ ಓಡಿಹೋಗಿ, ಯಾರಿಗೂ ಕೇಳದ ಹಾಗೆ ನಿಜ ಹೇಳಿದ. ಡಾಕ್ಟರು ತಕ್ಷಣ ರಕ್ತದ ಸಕ್ಕರೆ ನೋಡಿಸಿದರು. ತೀರ ಕಡಿಮೆ ಇತ್ತು. ಬರಿ ಹೊಟ್ಟೆಯಲ್ಲಿ ಕುಡಿದಾಗ ಯಕೃತ್ತು ಹೊಸ ಸಕ್ಕರೆ ತಯಾರಿಸುವುದನ್ನು ಆಲ್ಕೋಹಾಲ್ ತಡೆಯುತ್ತದೆ. ಚಿಕಿತ್ಸೆ ಬದಲಾಯಿತು, ಚಾಚಾ ಚೇತರಿಸಿಕೊಂಡರು. ಮನೆಗೆ ಬಂದ ಮೇಲೆ ಹುಡುಗನಿಗೆ ಬೈಗುಳ ಬಿತ್ತು. ಅಬ್ಬಾ ಎರಡು ದಿನ ಮಾತಾಡಲಿಲ್ಲವಂತೆ. ನನ್ನ ಹತ್ತಿರ ಬಂದದ್ದು ಆ ಎರಡು ದಿನದಲ್ಲಿ. ಪುಸ್ತಕದ ಪ್ರಶ್ನೆ ಕೇಳಿ ಉತ್ತರ ಪಡೆದ ಮೇಲೆ ಮೆಲ್ಲಗೆ ಇನ್ನೊಂದು ಕೇಳಿದ: ‘ಸರ್, ನಾನು ಹೇಳಿದ್ದು ತಪ್ಪಾ?’

ತಪ್ಪಲ್ಲ ಎಂದು ಅವನಿಗೆ ಅಂದು ಹೇಳಿದೆ. ಇವತ್ತು ನಿಮ್ಮೆಲ್ಲರ ಮುಂದೆ ಹೇಳುತ್ತೇನೆ. ಊರಿನವರಿಗೆ ಹೇಳಬೇಕಾಗಿಲ್ಲ, ನೆಂಟರಿಗೆ ಹೇಳಬೇಕಾಗಿಲ್ಲ. ವೈದ್ಯರಿಗೆ ಹೇಳಲೇಬೇಕು. ಏನು ಕುಡಿದರು, ಎಷ್ಟು ಕುಡಿದರು, ಎಷ್ಟು ಹೊತ್ತಾಯಿತು, ಊಟ ಮಾಡಿದ್ದರೋ ಇಲ್ಲವೋ. ಈ ನಾಲ್ಕು ಉತ್ತರದಿಂದ ಒಂದು ಜೀವ ಉಳಿಯಬಹುದು.

ಇನ್ನೂ ಎರಡು ಎಚ್ಚರಿಕೆ. ರಮ್ಜಾನ್ ಬಂತೆಂದು ಒಂದೇ ದಿನದಲ್ಲಿ ಕುಡಿತ ಬಿಡುವವರು ಇದ್ದಾರೆ. ಬಿಡುವ ನಿಯ್ಯತ್ ಒಳ್ಳೆಯದು, ಅದಕ್ಕೆ ಮನೆಯವರು ಬೆಂಬಲವಾಗಿ ನಿಲ್ಲಬೇಕು. ಆದರೆ ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಏಕಾಏಕಿ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಕೈನಡುಕ, ಫಿಟ್ಸ್, ಇಲ್ಲದ್ದು ಕಾಣುವ ಭ್ರಮೆ ಬರಬಹುದು. ಪ್ರಾಣಕ್ಕೂ ಅಪಾಯ. ಅದನ್ನು ಗಾಳಿ ಸೋಕಿದೆ ಎಂದುಕೊಂಡು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ವೈದ್ಯರ ನೆರವಿನಲ್ಲಿ ಬಿಡಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಎರಡನೆಯದು ನೀರಿನ ವಿಷಯ. ಬೇಸಿಗೆಯಲ್ಲಿ ಬೆವರಿನಿಂದ, ವಾಂತಿ ಭೇದಿಯಿಂದ ನೀರು ಹೋದಾಗ ಜೊತೆಗೆ ಲವಣವೂ ಹೋಗುತ್ತದೆ. ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ಒ.ಆರ್.ಎಸ್. ಪುಡಿಯ ಗುಟ್ಟು ಇಷ್ಟೇ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ, ಡ್ರಿಪ್ ಬಾಟಲಿ ಮುಗಿದುಹೋಗಿ, ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರು ಸಕ್ಕರೆ ಉಪ್ಪಿನ ಈ ದ್ರಾವಣವನ್ನೇ ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೇ ಹಾಕಬೇಕು, ಒಂದು ಲೋಟಕ್ಕಲ್ಲ. ಸಣ್ಣ ಪೊಟ್ಟಣಗಳೂ ಬರುತ್ತವೆ, ಮೇಲೆ ಬರೆದ ಅಳತೆ ಓದಿ. ಅಮ್ಮಿಗೆ ಓದಲು ಬಾರದಿದ್ದರೆ ಮಕ್ಕಳು ಓದಿ ಹೇಳಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ದಾನಿಗಳಿಗೆ ಒಂದು ಮಾತು. ನೀವು ಕೊಟ್ಟ ಹಣ ಎಲ್ಲಿ ಹೋಯಿತು ಎಂದು ಈ ವರದಿಯ ಲೆಕ್ಕಪತ್ರದಲ್ಲಿ ಇರುತ್ತದೆ: ಇಷ್ಟು ಶುಲ್ಕ, ಇಷ್ಟು ಪುಸ್ತಕ, ಇಷ್ಟು ಬಸ್ ಪಾಸ್. ಆ ಹುಡುಗನ ಕೈಯಲ್ಲಿದ್ದ ರಸಾಯನಶಾಸ್ತ್ರದ ಪುಸ್ತಕ ಅದೇ ಹಣದ್ದು. ಪುಸ್ತಕದ ಪದವನ್ನು ಆಸ್ಪತ್ರೆಯ ಚೀಟಿಯ ಪದದೊಂದಿಗೆ ಹೋಲಿಸಿ ನೋಡುವಷ್ಟು ಓದು ಆ ಮನೆಗೆ ಮೊದಲ ಸಲ ಬಂದಿದೆ.

ತಂದೆ ತಾಯಂದಿರಿಗೆ ಒಂದು ವಿನಂತಿ. ಓದುವ ಮಕ್ಕಳು ಮನೆಯಲ್ಲಿ ಕೆಲವೊಮ್ಮೆ ಕಷ್ಟದ ಪ್ರಶ್ನೆ ಕೇಳುತ್ತಾರೆ. ಬೈಯುವ ಮುಂಚೆ ಒಂದು ನಿಮಿಷ ಯೋಚಿಸಿ. ಆ ಹುಡುಗನ ಅಬ್ಬಾ ಈ ಸಭೆಗೆ ಬಂದಿದ್ದಾರೆ. ಮಗನ ಪಕ್ಕದಲ್ಲೇ ಕುಳಿತಿದ್ದಾರೆ. ಚಾಚಾ ಈಗ ಜಿಲ್ಲಾ ಆಸ್ಪತ್ರೆಗೆ ತಿಂಗಳಿಗೊಮ್ಮೆ ಹೋಗಿ ಔಷಧ ತರುತ್ತಿದ್ದಾರೆ, ಎರಡು ಸಲ ತಪ್ಪಿದರೂ ಮತ್ತೆ ಹೋಗುತ್ತಿದ್ದಾರೆ. ಅವರಿಗಾಗಿ ದುಆ ಮಾಡಿ.

ವಿದ್ಯಾರ್ಥಿಗಳೇ, ಪರೀಕ್ಷೆಯಲ್ಲಿ ಎಥನಾಲ್‌ನ ನಿರ್ಜಲೀಕರಣ ಬಂದರೆ ಆಮ್ಲದ ಹೆಸರು, ಉಷ್ಣತೆ, ಸಮೀಕರಣ ಮೂರನ್ನೂ ಬರೆಯಿರಿ. ಚೆಕ್ ಪಡೆದು ಹೋಗುವಾಗ ಬಾಗಿಲ ಹತ್ತಿರ ಒಂದೊಂದು ಒ.ಆರ್.ಎಸ್. ಪೊಟ್ಟಣ ಇಟ್ಟಿದ್ದೇವೆ, ಮನೆಗೆ ತೆಗೆದುಕೊಂಡು ಹೋಗಿ.